ಕಾಣಿಸದೆ ಕಟ್ಟಿದ ಕುತೂಹಲ: ಸುನೀಲ್‌ಕುಮಾರ್ ದೇಸಾಯಿಯವರ ಮೊದಲ ಚಿತ್ರಗಳು

ಕನ್ನಡ ಚಿತ್ರರಂಗದಲ್ಲಿ ‘ಸಸ್ಪೆನ್ಸ್’ ಎಂದು ಕರೆಯಲಾಗುವ ಬಗೆಯ ಚಿತ್ರಗಳಿಗೆ ಒಂದು ಶಿಸ್ತನ್ನು ತಂದುಕೊಟ್ಟ ನಿರ್ದೇಶಕರಲ್ಲಿ ಸುನೀಲ್‌ಕುಮಾರ್ ದೇಸಾಯಿಯವರ ಹೆಸರು ಮೊದಲ ಸಾಲಿನಲ್ಲಿ ಬರುತ್ತದೆ. 1989ರ ‘ತರ್ಕ’ದಿಂದ 1995ರ ‘ಬೆಳದಿಂಗಳ ಬಾಲೆ’ಯವರೆಗಿನ ಆರೇಳು ವರ್ಷಗಳ ಅವಧಿಯಲ್ಲಿ ಅವರು ನಿರ್ದೇಶಿಸಿದ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, ಅವುಗಳ ಹಿಂದೆ ಒಂದು ಸಮಾನವಾದ ಕ್ರಮ ಕೆಲಸ ಮಾಡುತ್ತಿರುವುದು ಸ್ಪಷ್ಟವಾಗುತ್ತದೆ. ಪ್ರೇಕ್ಷಕರು ಸಿನಿಮಾದಿಂದ ಸಹಜವಾಗಿಯೇ ನಿರೀಕ್ಷಿಸುವ ಯಾವುದಾದರೊಂದು ಅಂಶವನ್ನು ಪ್ರತಿಯೊಂದು ಚಿತ್ರದಲ್ಲೂ ಬೇಕೆಂದೇ ತೆಗೆದುಹಾಕಿ, ಹಾಗೆ ಉಂಟಾದ ತೆರವಿನಿಂದಲೇ ಕುತೂಹಲವನ್ನು ಹುಟ್ಟಿಸುವುದು ಆ ಕ್ರಮ. ‘ತರ್ಕ’ದಲ್ಲಿ ಹಾಡುಗಳನ್ನು ತೆಗೆದರು, ‘ನಿಷ್ಕರ್ಷ’ದಲ್ಲಿ ಊರೂರು ಸುತ್ತುವ ಕಥೆಯ ಹರವನ್ನು ತೆಗೆದರು, ‘ಬೆಳದಿಂಗಳ ಬಾಲೆ’ಯಲ್ಲಿ ನಾಯಕಿಯ ಮುಖವನ್ನೇ ತೆಗೆದರು. ಅವರ ಆರಂಭದ ಸಾಧನೆಯನ್ನು ಅರಿಯಲು ಈ ಮೂರು ತ್ಯಾಗಗಳನ್ನು ಪರಿಶೀಲಿಸುವುದು ಉಚಿತವಾದ ದಾರಿ.

ಮೊದಲು ‘ಸಸ್ಪೆನ್ಸ್’ ಎಂದರೇನು ಎಂಬುದನ್ನು ಸ್ವಲ್ಪ ಬಿಡಿಸಿಕೊಳ್ಳಬೇಕು. ಪತ್ತೇದಾರಿ ಕಥೆಗೂ ಇದಕ್ಕೂ ನಂಟಿದ್ದರೂ ಎರಡೂ ಒಂದೇ ಅಲ್ಲ. ಪತ್ತೇದಾರಿ ಕಥೆಯಲ್ಲಿ ಅಪರಾಧ ಆಗಿಹೋಗಿರುತ್ತದೆ. ಮಾಡಿದವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಕ್ಕೊಡನೆ ಕಥೆ ಮುಗಿಯುತ್ತದೆ. ಸಸ್ಪೆನ್ಸ್ ಕಥೆಯಲ್ಲಿ ಏನೋ ಒಂದು ಆಗಲಿದೆ ಎಂಬುದು ಪ್ರೇಕ್ಷಕರಿಗೆ ತಿಳಿದಿರುತ್ತದೆ, ಪಾತ್ರಗಳಿಗೆ ತಿಳಿದಿರುವುದಿಲ್ಲ. ಅಥವಾ ಪಾತ್ರಗಳಿಗೆ ತಿಳಿದದ್ದು ಪ್ರೇಕ್ಷಕರಿಗೆ ಅರ್ಧ ಮಾತ್ರ ತಿಳಿದಿರುತ್ತದೆ. ಹೀಗೆ ಯಾರಿಗೆ ಎಷ್ಟು ಗೊತ್ತು ಎಂಬ ಲೆಕ್ಕದಲ್ಲಿ ಇರುವ ಏರುಪೇರೇ ಎದೆಬಡಿತವನ್ನು ಹೆಚ್ಚಿಸುತ್ತದೆ. ಆದುದರಿಂದ ಸಸ್ಪೆನ್ಸ್ ಚಿತ್ರದ ನಿರ್ದೇಶಕನ ಮುಖ್ಯ ಕೆಲಸವೆಂದರೆ ತಿಳಿವಳಿಕೆಯನ್ನು ಅಳೆದು ಹಂಚುವುದು.

ಬೆಳಗಾವಿ ಜಿಲ್ಲೆಯ ಮಲಪ್ರಭೆಯ ದಂಡೆಯ ಜನರಿಗೆ, ಅಂದರೆ ಮನೋಳಿ, ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಸುತ್ತಿನ ಜನರಿಗೆ, ಈ ಲೆಕ್ಕ ಸಿನಿಮಾ ಬರುವುದಕ್ಕಿಂತ ಬಹಳ ಮೊದಲೇ ಗೊತ್ತಿತ್ತು ಎಂದರೆ ತಪ್ಪಾಗದು. ಈ ಸೀಮೆಯಲ್ಲಿ ಬೆಳೆದ ಜನಪದ ರಂಗಪ್ರಕಾರವಾದ ಸಣ್ಣಾಟವು, ಪುರಾಣದ ಕಥೆಗಳನ್ನು ಆಡುವ ದೊಡ್ಡಾಟಕ್ಕಿಂತ ಬೇರೆಯಾಗಿ, ಸುತ್ತಲಿನ ಸಂಸಾರದ ಕಥೆಗಳನ್ನು ಹಾಡು ಮತ್ತು ಮಾತುಗಳಲ್ಲಿ ಹೇಳುವ ಆಟ. ಅವುಗಳಲ್ಲಿ ಅತ್ಯಂತ ಪ್ರಸಿದ್ಧವಾದ ‘ಸಂಗ್ಯಾ ಬಾಳ್ಯಾ’ವು ಬೈಲಹೊಂಗಲದ ಸೀಮೆಯಲ್ಲಿ ನಡೆದ ಒಂದು ಕೊಲೆಯನ್ನು ಆಧರಿಸಿದ್ದೆಂದು ಪ್ರತೀತಿ ಇದೆ. ಸಿರಿವಂತ ಈರಣ್ಣನ ಹೆಂಡತಿ ಗಂಗಾಳಿಗೆ ಮನಸೋತ ಸಂಗ್ಯಾನನ್ನು, ಅವನ ಪ್ರಾಣಸ್ನೇಹಿತನಾದ ಬಾಳ್ಯಾನೇ ಹಣದಾಸೆಗೆ ಬಿದ್ದು ಕೊಲೆಗಡುಕರ ಕೈಗೆ ಒಪ್ಪಿಸುತ್ತಾನೆ. ಈ ಆಟವನ್ನು ನೋಡಲು ಕೂತ ಜನರಲ್ಲಿ ಕಥೆಯ ಕೊನೆ ಗೊತ್ತಿಲ್ಲದವರು ಕಡಿಮೆ. ಬಾಳ್ಯಾ ಮಾತುಕೊಟ್ಟಾಗಿದೆ ಎಂಬುದನ್ನು ಕಣ್ಣಾರೆ ಕಂಡಿರುವ ಅವರು, ಅದೇ ಬಾಳ್ಯಾ ಬಂದು ಗೆಳೆಯನನ್ನು ಕರೆಯುವಾಗ, ಸಂಗ್ಯಾ ಏನೂ ಅರಿಯದೆ ಹೊರಡುವಾಗ, ಕೂತಲ್ಲೇ ಕಳವಳಪಡುತ್ತಾರೆ. ಕೊಂದವರು ಯಾರು ಎಂಬ ಪ್ರಶ್ನೆಯೇ ಇಲ್ಲದ ಈ ಆಟ ಬೆಳಗಿನವರೆಗೂ ಜನರನ್ನು ಹಿಡಿದಿಡುತ್ತದೆ ಎಂಬುದು, ಕುತೂಹಲಕ್ಕೆ ಗುಟ್ಟು ಅನಿವಾರ್ಯವಲ್ಲ ಎಂಬುದಕ್ಕೆ ನಾಡಿನೊಳಗಿನದೇ ಆದ ಪುರಾವೆ.

ಆದರೆ ಸಣ್ಣಾಟದ ಜೀವಾಳ ಹಾಡು. ವೃತ್ತಿ ನಾಟಕ ಕಂಪನಿಗಳಲ್ಲಿಯೂ ಹಾಗೆಯೇ. ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿ, ಕಲಾವೈಭವ ನಾಟ್ಯ ಸಂಘವನ್ನು ಕಟ್ಟಿ, ನೂರು ವರ್ಷ ದಾಟಿ ಬಾಳಿದ ಏಣಗಿ ಬಾಳಪ್ಪನವರ ಕಾಲದ ರಂಗಭೂಮಿಯಲ್ಲಿ ಹಾಡು ಬಾರದ ನಟನಿಗೆ ದೊಡ್ಡ ಪಾತ್ರ ಸಿಗುವುದು ಕಷ್ಟವಿತ್ತು. ಆ ರಂಗಭೂಮಿಯ ಮಗುವಾಗಿಯೇ ಬೆಳೆದ ಕನ್ನಡ ವಾಕ್ಚಿತ್ರವೂ ಹಾಡನ್ನು ಬಿಡಲಿಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾದಂಬರಿಗಳನ್ನು ಕನ್ನಡಿಗರು ಮುಗಿಬಿದ್ದು ಓದುತ್ತಿದ್ದ ಕಾಲಕ್ಕೂ, 1968ರಲ್ಲಿ ದೊರೆ-ಭಗವಾನ್ ಜೋಡಿ ರಾಜ್‌ಕುಮಾರ್ ಅವರನ್ನು ಗೂಢಚಾರನನ್ನಾಗಿ ಮಾಡಿ ‘ಜೇಡರ ಬಲೆ’ಯನ್ನು ತೆರೆಗೆ ತಂದ ಕಾಲಕ್ಕೂ, ಅಪರಾಧದ ಕಥೆ ಇದ್ದಲ್ಲಿಯೂ ಹಾಡು, ಕುಣಿತ, ಹಾಸ್ಯದ ತುಣುಕುಗಳು ತಮ್ಮ ತಮ್ಮ ಪಾಲನ್ನು ಪಡೆಯುತ್ತಲೇ ಇದ್ದವು. ಹೊಸ ಅಲೆಯ ಚಿತ್ರಗಳು ಹಾಡನ್ನು ಬಿಟ್ಟಿದ್ದವಾದರೂ ಅವು ಊರಿನ ಟಾಕೀಸಿಗೆ ಬರುತ್ತಿದ್ದುದು ಅಪರೂಪ.

ಈ ಹಿನ್ನೆಲೆಯಲ್ಲಿ ಕಾಶಿನಾಥ್ ಅವರ ‘ಅಪರಿಚಿತ’ (1978) ಒಂದು ಮುಖ್ಯವಾದ ತಿರುವು. ಸುರೇಶ್ ಹೆಬ್ಳೀಕರ್ ಮತ್ತು ಶೋಭಾ ಅಭಿನಯಿಸಿದ್ದ ಈ ಚಿತ್ರ, ಕಡಿಮೆ ಖರ್ಚಿನಲ್ಲಿ, ದೊಡ್ಡ ನಟರಿಲ್ಲದೆಯೂ, ಕಥೆಯ ಬಿಗಿಯೊಂದರಿಂದಲೇ ಪ್ರೇಕ್ಷಕರನ್ನು ಕೂರಿಸಬಹುದೆಂದು ತೋರಿಸಿತು. ಕಾಶಿನಾಥ್ ಅವರೇ ಮುಂದೆ ಅದನ್ನು ಹಿಂದಿಯಲ್ಲಿ ‘ಬೇಶಕ್’ ಎಂಬ ಹೆಸರಿನಲ್ಲಿ ಮತ್ತೆ ನಿರ್ದೇಶಿಸಿದರು. ಕಾಶಿನಾಥ್ ಅವರ ಗರಡಿಯಲ್ಲಿ ಪಳಗಿದವರ ಸಾಲಿನಲ್ಲಿ ಉಪೇಂದ್ರ, ವಿ. ಮನೋಹರ್ ಅವರ ಜೊತೆಗೆ ಸುನೀಲ್‌ಕುಮಾರ್ ದೇಸಾಯಿಯವರ ಹೆಸರೂ ಇದೆ. ಚಿತ್ರಕಥೆಯೇ ನಿಜವಾದ ನಾಯಕ ಎಂಬ ಆ ಗರಡಿಯ ಪಾಠವನ್ನು ಉಪೇಂದ್ರ ಒಂದು ದಿಕ್ಕಿಗೆ ಒಯ್ದರೆ ದೇಸಾಯಿಯವರು ಇನ್ನೊಂದು ದಿಕ್ಕಿಗೆ ಒಯ್ದರು.

1989ರಲ್ಲಿ ಬಂದ ‘ತರ್ಕ’ ದೇಸಾಯಿಯವರ ಮೊದಲ ಚಿತ್ರ. ಶಂಕರ್‌ನಾಗ್, ದೇವರಾಜ್, ವನಿತಾ ವಾಸು ಮುಖ್ಯ ಪಾತ್ರಗಳಲ್ಲಿದ್ದರು. ಹಿನ್ನೆಲೆ ಸಂಗೀತ ಗುಣಸಿಂಗ್ ಅವರದು. ಈ ಚಿತ್ರದ ಮೂಲ ಎಳೆಯನ್ನು ಅಗಾಥಾ ಕ್ರಿಸ್ಟಿಯವರ ‘ದಿ ಅನ್‌ಎಕ್ಸ್‌ಪೆಕ್ಟೆಡ್ ಗೆಸ್ಟ್’ ಎಂಬ ನಾಟಕದಲ್ಲಿ ಗುರುತಿಸಲಾಗಿದೆ. 1958ರಲ್ಲಿ ಲಂಡನ್ನಿನಲ್ಲಿ ರಂಗಕ್ಕೆ ಬಂದ ಆ ನಾಟಕದ ಆರಂಭವನ್ನು ಗಮನಿಸಬೇಕು. ಮಂಜು ಕವಿದ ರಾತ್ರಿ, ದಾರಿಬದಿಯ ಹಳ್ಳಕ್ಕೆ ಕಾರು ಇಳಿದು ಸಿಕ್ಕಿಕೊಂಡ ಅಪರಿಚಿತನೊಬ್ಬ ನೆರವು ಕೇಳಲು ಒಂಟಿ ಮನೆಯೊಂದನ್ನು ಹೊಕ್ಕರೆ, ಗಾಲಿಕುರ್ಚಿಯಲ್ಲಿ ಮನೆಯ ಯಜಮಾನ ಗುಂಡೇಟಿಗೆ ಸತ್ತು ಕೂತಿದ್ದಾನೆ, ಕತ್ತಲಲ್ಲಿ ಅವನ ಹೆಂಡತಿ ಕೈಯಲ್ಲಿ ಪಿಸ್ತೂಲು ಹಿಡಿದು ನಿಂತಿದ್ದಾಳೆ. ಕೊಂದವಳು ತಾನೇ ಎಂದು ಆಕೆ ಒಪ್ಪಿಕೊಳ್ಳುತ್ತಾಳೆ. ಬಂದವನು ಪೊಲೀಸರನ್ನು ಕರೆಯುವ ಬದಲು ಆಕೆಯನ್ನು ಉಳಿಸುವ ಉಪಾಯ ಹೂಡಲು ತೊಡಗುತ್ತಾನೆ. ಪರದೆ ಎದ್ದ ಕೆಲವೇ ನಿಮಿಷಗಳಲ್ಲಿ ಕೊಲೆ, ಆಯುಧ, ತಪ್ಪೊಪ್ಪಿಗೆ ಮೂರೂ ನೋಡುವವರ ಕೈಗೆ ಸಿಕ್ಕಿಬಿಡುತ್ತವೆ, ಮತ್ತು ಅದರಿಂದಲೇ ಅನುಮಾನ ಮೊಳೆಯುತ್ತದೆ: ಇಷ್ಟು ಸುಲಭವಾಗಿ ಸಿಕ್ಕಿದ್ದು ನಿಜವಾಗಿರಲು ಸಾಧ್ಯವೇ? ಇದೇ ನಾಟಕವನ್ನು ಬಿ. ಆರ್. ಚೋಪ್ರಾ ಅವರು 1973ರಲ್ಲಿ ಹಿಂದಿಗೆ ‘ಧುಂದ್’ ಎಂದು ತಂದಿದ್ದರು; ಅದರಲ್ಲಿ ಹಾಡುಗಳಿದ್ದವು.

ದೇಸಾಯಿಯವರು ಇಂಥ ಕಥೆಯನ್ನು ಎತ್ತಿಕೊಂಡಾಗ ಹಾಡುಗಳನ್ನು ಸಂಪೂರ್ಣವಾಗಿ ಕೈಬಿಟ್ಟರು. ಭಾರತೀಯ ಚಿತ್ರರಂಗದಲ್ಲಿ ಇದಕ್ಕೆ ಮೊದಲೇ ಕೆಲವು ಉದಾಹರಣೆಗಳಿದ್ದವು: ತಮಿಳಿನಲ್ಲಿ ಎಸ್. ಬಾಲಚಂದರ್ ಅವರ ‘ಅಂದ ನಾಳ್’ (1954), ಹಿಂದಿಯಲ್ಲಿ ಬಿ. ಆರ್. ಚೋಪ್ರಾ ಅವರ ‘ಕಾನೂನ್’ (1960), ಯಶ್ ಚೋಪ್ರಾ ಅವರ ‘ಇತ್ತೆಫಾಕ್’ (1969). ಆದರೂ ಕನ್ನಡದಲ್ಲಿ ಹೊಸ ನಿರ್ದೇಶಕನೊಬ್ಬ ತನ್ನ ಮೊದಲ ಚಿತ್ರದಲ್ಲಿಯೇ, ಅದೂ ಶಂಕರ್‌ನಾಗ್ ಅವರಂಥ ಜನಪ್ರಿಯ ನಟ ಇರುವಾಗ, ಹೀಗೆ ಮಾಡುವುದು ಸಣ್ಣ ಧೈರ್ಯವೇನೂ ಆಗಿರಲಿಲ್ಲ. ಹಾಡುಗಳ ಧ್ವನಿಸುರುಳಿ ಚಿತ್ರಕ್ಕಿಂತ ಮೊದಲೇ ಊರೂರಿಗೆ ತಲುಪಿ ಪ್ರಚಾರ ಮಾಡುತ್ತಿದ್ದ ಕಾಲವದು. ಹಾಡಿಲ್ಲವೆಂದರೆ ಆ ಪ್ರಚಾರವೂ ಇಲ್ಲ.

ಹಾಡನ್ನು ತೆಗೆದುದರಿಂದ ಆದ ಪರಿಣಾಮ ಏನೆಂಬುದನ್ನು ಕಾಲದ ದೃಷ್ಟಿಯಿಂದ ವಿವರಿಸಬಹುದು. ಸಾಮಾನ್ಯ ಚಿತ್ರದಲ್ಲಿ ಹಾಡು ಬಂದಾಗ ಕಥೆಯ ಗಡಿಯಾರ ನಿಲ್ಲುತ್ತದೆ, ಪಾತ್ರಗಳು ಇದ್ದ ಜಾಗವನ್ನು ಬಿಟ್ಟು ಬೆಟ್ಟ-ಬಯಲಿಗೆ ಹೋಗುತ್ತವೆ, ಪ್ರೇಕ್ಷಕರಲ್ಲಿ ಕೆಲವರು ಬೀಡಿ ಸೇದಲು, ಚಹಾ ಕುಡಿಯಲು ಟಾಕೀಸಿನ ಹೊರಗೆ ಬರುತ್ತಾರೆ, ಒಳಗಿದ್ದವರೂ ಅದುವರೆಗೆ ಹಿಡಿದಿದ್ದ ಉಸಿರನ್ನು ಬಿಟ್ಟು ಹಗುರಾಗುತ್ತಾರೆ. ಕುತೂಹಲವೆಂಬುದು ಕೂಡುತ್ತ ಹೋಗುವ ಭಾವವಾದುದರಿಂದ, ನಡುನಡುವೆ ಹೀಗೆ ಬಿಡುವು ಸಿಕ್ಕರೆ ಪ್ರತಿ ಸಲವೂ ಮೊದಲಿನಿಂದ ಕೂಡಿಸಬೇಕಾಗುತ್ತದೆ. ‘ತರ್ಕ’ದಲ್ಲಿ ಆ ಬಿಡುವಿನ ಬಾಗಿಲನ್ನು ಮುಚ್ಚಲಾಗಿತ್ತು. ಅದರ ಜೊತೆಗೆ, ಹಾಡಿನ ಹೊಣೆಯಿಂದ ಬಿಡುಗಡೆ ಪಡೆದ ಸಂಗೀತಕ್ಕೆ ಬೇರೆಯದೇ ಕೆಲಸ ಸಿಕ್ಕಿತು. ಗುಣಸಿಂಗ್ ಅವರ ಹಿನ್ನೆಲೆ ಸಂಗೀತವು ಎಲ್ಲಿ ನುಡಿಯುತ್ತದೆ ಎಂಬುದರಷ್ಟೇ ಎಲ್ಲಿ ಸುಮ್ಮನಾಗುತ್ತದೆ ಎಂಬುದೂ ಮುಖ್ಯವಾಯಿತು; ಬಾಗಿಲು, ಹೆಜ್ಜೆ, ದೂರವಾಣಿಯ ಗಂಟೆ ಮೊದಲಾದ ದಿನಬಳಕೆಯ ಸದ್ದುಗಳು ಕೇಳಿಸುವಷ್ಟು ಜಾಗ ಉಂಟಾಯಿತು.

ಸದ್ದಿನ ಈ ಬಳಕೆಗೆ ವಿಶ್ವಸಿನಿಮಾದಲ್ಲಿ ಹಳೆಯ ಪರಂಪರೆಯಿದೆ. ಸಸ್ಪೆನ್ಸ್ ಚಿತ್ರಗಳ ಆಚಾರ್ಯನೆಂದು ಕರೆಯಲಾಗುವ ಆಲ್ಫ್ರೆಡ್ ಹಿಚ್‌ಕಾಕ್ ಅವರು ಇಂಗ್ಲೆಂಡಿನಲ್ಲಿ ಮಾಡಿದ ‘ಬ್ಲ್ಯಾಕ್‌ಮೇಲ್’ (1929), ಆ ದೇಶದ ಮೊದಮೊದಲ ವಾಕ್ಚಿತ್ರಗಳಲ್ಲೊಂದು. ಹಿಂದಿನ ರಾತ್ರಿ ಆತ್ಮರಕ್ಷಣೆಗಾಗಿ ಒಬ್ಬನನ್ನು ಚಾಕುವಿನಿಂದ ಇರಿದ ಹುಡುಗಿ, ಬೆಳಿಗ್ಗೆ ಮನೆಯಲ್ಲಿ ತಿಂಡಿಗೆ ಕೂತಿದ್ದಾಳೆ. ನೆರೆಯ ಹೆಂಗಸು ಆ ಕೊಲೆಯ ಸುದ್ದಿಯನ್ನೇ ಬಾಯಿತುಂಬ ಆಡುತ್ತಿದ್ದಾಳೆ. ಸ್ವಲ್ಪ ಹೊತ್ತಿನಲ್ಲಿ ಆಕೆಯ ಮಾತುಗಳೆಲ್ಲ ಮಸಕಾಗಿ ಗೊಣಗಾಟದಂತೆ ಕೇಳತೊಡಗಿ, ‘ಚಾಕು’ ಎಂಬ ಒಂದು ಪದ ಮಾತ್ರ ಮತ್ತೆ ಮತ್ತೆ ಚುಚ್ಚಿದಂತೆ ಸ್ಪಷ್ಟವಾಗಿ ಕೇಳುತ್ತದೆ. ಹುಡುಗಿಯ ಮನಸ್ಸಿನೊಳಗೆ ನಡೆಯುತ್ತಿರುವುದನ್ನು ತೋರಿಸಲು ಹಿಚ್‌ಕಾಕ್ ಇಲ್ಲಿ ಹೊಸದೇನನ್ನೂ ಸೇರಿಸದೆ, ಕೇಳಿಸಬೇಕಾಗಿದ್ದ ಉಳಿದ ಮಾತುಗಳನ್ನು ಅಳಿಸಿಹಾಕಿದರು. ಕಳೆಯುವುದರಿಂದ ಬಿಗಿಯನ್ನು ಹೆಚ್ಚಿಸುವ ಈ ವಿಧಾನಕ್ಕೆ ದೇಸಾಯಿಯವರ ವಿಧಾನ ಹತ್ತಿರದ್ದು.

‘ತರ್ಕ’ದ ಪ್ರಭಾವ ಕನ್ನಡದ ಗಡಿಯನ್ನೂ ದಾಟಿತು. 1990ರಲ್ಲಿ ಅದು ತಮಿಳಿನಲ್ಲಿ ‘ಪುರಿಯಾದ ಪುದಿರ್’ ಆಗಿ ಮರುನಿರ್ಮಾಣಗೊಂಡಿತು. ಮುಂದೆ ತಮಿಳಿನ ಬಹುಬೇಡಿಕೆಯ ನಿರ್ದೇಶಕರಾದ ಕೆ. ಎಸ್. ರವಿಕುಮಾರ್ ಅವರಿಗೂ ಅದೇ ಮೊದಲ ಚಿತ್ರ. ಅದೇ ವರ್ಷದ ಸೆಪ್ಟೆಂಬರ್ 30ರಂದು ಶಂಕರ್‌ನಾಗ್ ಅವರು ದಾವಣಗೆರೆಯ ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. 1990ರಲ್ಲಿಯೇ ಬಂದ ದೇಸಾಯಿಯವರ ಎರಡನೆಯ ಚಿತ್ರ ‘ಉತ್ಕರ್ಷ’ದಲ್ಲಿ ಅಂಬರೀಶ್ ಅವರ ಜೊತೆಗೆ ದೇವರಾಜ್, ವನಿತಾ ವಾಸು ಮತ್ತೆ ಕಾಣಿಸಿಕೊಂಡರು. ಕದಡಿದ ಮನಸ್ಸಿನ ಕೊಲೆಗಾರನ ಸುತ್ತ ಹೆಣೆದ ಈ ಚಿತ್ರದಲ್ಲಿ, ಕುತೂಹಲದ ಭಾರ ಒಗಟಿನಿಂದ ಭಯದ ಕಡೆಗೆ ವಾಲಿತು. ಅನಂತರದ ‘ಸಂಘರ್ಷ’ದಲ್ಲಿ ವಿಷ್ಣುವರ್ಧನ್ ಅವರೊಡನೆ ಆರಂಭವಾದ ಸಹಯೋಗವು ‘ನಿಷ್ಕರ್ಷ’ದಲ್ಲಿ ಪಕ್ವವಾಯಿತು.

1993ರ ‘ನಿಷ್ಕರ್ಷ’ವು ದೇಸಾಯಿಯವರ ಎರಡನೆಯ ದೊಡ್ಡ ತ್ಯಾಗದ ಫಲ. ಇಲ್ಲಿ ಹಾಡುಗಳ ಜೊತೆಗೆ ಸ್ಥಳಗಳನ್ನೂ ಕಳೆಯಲಾಗಿದೆ: ಕಥೆಯ ಬಹುಭಾಗ ಮಣಿಪಾಲದ ಒಂದೇ ಬಹುಮಹಡಿ ಕಟ್ಟಡದಲ್ಲಿ ನಡೆಯುತ್ತದೆ. ಬ್ಯಾಂಕನ್ನು ದೋಚಲು ಬಂದ ತಂಡವೊಂದು ಸಿಬ್ಬಂದಿಯನ್ನು ಒತ್ತೆಯಾಳುಗಳನ್ನಾಗಿ ಹಿಡಿದಿದೆ. ಹೊರಗೆ ಪೊಲೀಸರು ಕಟ್ಟಡವನ್ನು ಸುತ್ತುವರಿದಿದ್ದಾರೆ. ವಿಷ್ಣುವರ್ಧನ್ ನಿರ್ವಹಿಸಿದ ಕಮಾಂಡೊ ಪಾತ್ರ ಆ ಬಿಕ್ಕಟ್ಟನ್ನು ಬಿಡಿಸಬೇಕಾಗಿದೆ. ಅನಂತನಾಗ್, ಸುಮನ್ ನಗರ್‌ಕರ್, ರಮೇಶ್ ಭಟ್ ಮೊದಲಾದವರಿದ್ದ ಈ ಚಿತ್ರದಲ್ಲಿ ದರೋಡೆಕೋರರ ನಾಯಕನ ಪಾತ್ರವನ್ನು ಮಾಡಿದವರು ಬಿ. ಸಿ. ಪಾಟೀಲ್, ನಿಜಜೀವನದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ ಅವರು ಮುಂದೆ ಹಿರೇಕೆರೂರಿನಿಂದ ಶಾಸಕರಾಗಿ ಮಂತ್ರಿಯೂ ಆದರು. ಎತ್ತರದ ಕಟ್ಟಡ, ಒತ್ತೆಯಾಳುಗಳು, ಒಬ್ಬನ ಹೋರಾಟ ಎಂಬ ಚೌಕಟ್ಟು 1988ರ ಹಾಲಿವುಡ್ ಚಿತ್ರ ‘ಡೈ ಹಾರ್ಡ್’ ಅನ್ನು ನೆನಪಿಸುವುದು ಸಹಜ. ಆದರೆ ಲಾಸ್ ಏಂಜಲಿಸ್‌ನ ಗಗನಚುಂಬಿಯಲ್ಲಿ ನಡೆಯುವ ಕಥೆಗೂ, ಬ್ಯಾಂಕಿನ ವಹಿವಾಟಿಗೆ ಹೆಸರಾದ ಕರಾವಳಿಯ ಒಂದು ಚಿಕ್ಕ ಪಟ್ಟಣದಲ್ಲಿ ನಡೆಯುವ ಕಥೆಗೂ ಪರಿಸರದಲ್ಲಿ ಅಂತರವಿದೆ. ಒತ್ತೆಯಾಳುಗಳಾದವರು ನೋಡುವವರು ದಿನವೂ ಕೌಂಟರಿನಾಚೆ ಕಾಣುವಂಥ ಗುಮಾಸ್ತರು, ವ್ಯವಸ್ಥಾಪಕರು.

ಸ್ಥಳವನ್ನು ಹೀಗೆ ಕುಗ್ಗಿಸಿದಾಗ ಕಟ್ಟಡವೇ ಚಿತ್ರಕಥೆಯ ನಕ್ಷೆಯಾಗುತ್ತದೆ. ಯಾವ ಮಹಡಿಯಲ್ಲಿ ಯಾರಿದ್ದಾರೆ, ಮೆಟ್ಟಿಲು ಎಲ್ಲಿಗೆ ಮುಟ್ಟುತ್ತದೆ, ಲಿಫ್ಟು ಯಾರ ವಶದಲ್ಲಿದೆ ಎಂಬುದು ಪ್ರೇಕ್ಷಕರ ಮನಸ್ಸಿನಲ್ಲಿ ಮೊದಲು ಗಟ್ಟಿಯಾಗಿ ಕೂತರೆ ಮಾತ್ರ, ಮುಂದೆ ಒಬ್ಬ ತಿರುವಿನಲ್ಲಿ ಕಾಲಿಟ್ಟಾಗ ಎದೆ ನಡುಗುತ್ತದೆ. ಒಳಗಿನವರಿಗೆ ಹೊರಗಿನ ಸುದ್ದಿ ತಿಳಿಯದು, ಹೊರಗಿನವರಿಗೆ ಒಳಗಿನ ಸ್ಥಿತಿ ಕಾಣದು, ಎರಡನ್ನೂ ಬಲ್ಲವರು ಪ್ರೇಕ್ಷಕರು ಮಾತ್ರ. ಬಾಳ್ಯಾನ ಮನಸ್ಸನ್ನೂ ಸಂಗ್ಯಾನ ನಂಬಿಕೆಯನ್ನೂ ಒಟ್ಟಿಗೆ ಬಲ್ಲ ಸಣ್ಣಾಟದ ಪ್ರೇಕ್ಷಕರ ಸ್ಥಾನವೇ ಇದು. ಆದರೆ ಸಣ್ಣಾಟದಲ್ಲಿ ಹಾಡು ಹೊತ್ತಿದ್ದ ಭಾರವನ್ನು ಇಲ್ಲಿ ಸಂಕಲನ, ಅಂದರೆ ಒಳಗಿನ ಮತ್ತು ಹೊರಗಿನ ದೃಶ್ಯಗಳನ್ನು ಕತ್ತರಿಸಿ ಒಂದಾದ ಮೇಲೊಂದು ಜೋಡಿಸುವ ಕೆಲಸ, ಹೊತ್ತುಕೊಂಡಿದೆ.

ಮೂರನೆಯ ತ್ಯಾಗ ಎಲ್ಲಕ್ಕಿಂತ ಸಾಹಸದ್ದು. 1995ರ ‘ಬೆಳದಿಂಗಳ ಬಾಲೆ’ ತೆಲುಗಿನ ಯಂಡಮೂರಿ ವೀರೇಂದ್ರನಾಥ್ ಅವರ ‘ವೆನ್ನೆಲ್ಲೋ ಆಡಪಿಲ್ಲ’ ಕಾದಂಬರಿಯನ್ನು ಆಧರಿಸಿದ ಚಿತ್ರ. ಅನಂತನಾಗ್ ನಿರ್ವಹಿಸಿದ ರೇವಂತ್ ಎಂಬ ಚದುರಂಗದ ಗ್ರ್ಯಾಂಡ್‌ಮಾಸ್ಟರ್‌ಗೆ, ಅಂದರೆ ಆ ಆಟದ ಅತ್ಯುನ್ನತ ಬಿರುದು ಪಡೆದ ಆಟಗಾರನಿಗೆ, ಅಪರಿಚಿತ ಹುಡುಗಿಯೊಬ್ಬಳಿಂದ ದೂರವಾಣಿ ಕರೆಗಳು ಬರತೊಡಗುತ್ತವೆ. ತಾನು ಯಾರು, ಎಲ್ಲಿದ್ದೇನೆ ಎಂಬುದನ್ನು ನೇರವಾಗಿ ಹೇಳದ ಆಕೆ ಒಗಟುಗಳ ರೂಪದಲ್ಲಿ ಸುಳಿವು ಕೊಟ್ಟು, ಪತ್ತೆಹಚ್ಚುವಂತೆ ಸವಾಲು ಹಾಕುತ್ತಾಳೆ. ಕರೆ ಮಾಡಿದವರ ಸಂಖ್ಯೆ ಎದುರಿಗೆ ಮೂಡದಿದ್ದ ಅಂದಿನ ಸ್ಥಿರ ದೂರವಾಣಿಯೇ ಈ ಕಥೆಗೆ ಆಧಾರ. ಆ ಪಾತ್ರದಲ್ಲಿ ಸುಮನ್ ನಗರ್‌ಕರ್ ಇದ್ದರೂ ಆಕೆಯ ಮುಖ ಚಿತ್ರದಲ್ಲಿ ಎಲ್ಲಿಯೂ ಸ್ಪಷ್ಟವಾಗಿ ಕಾಣುವುದಿಲ್ಲ. ಮಂಜುಳಾ ಗುರುರಾಜ್ ಅವರ ಕಂಠದ ಮೂಲಕವೇ ಪ್ರೇಕ್ಷಕರು ಆಕೆಯನ್ನು ಅರಿಯುತ್ತಾರೆ.

ಇಲ್ಲಿ ಕೊಲೆಯಿಲ್ಲ, ದರೋಡೆಯಿಲ್ಲ, ಪೊಲೀಸರ ಬೆನ್ನಟ್ಟುವಿಕೆಯಿಲ್ಲ. ಆದರೂ ಇದು ಪೂರ್ಣಾರ್ಥದಲ್ಲಿ ಕುತೂಹಲದ ಚಿತ್ರವೇ. ಪ್ರೇಮಕಥೆಯೊಂದನ್ನು ಪತ್ತೇದಾರಿಯ ಕ್ರಮದಲ್ಲಿ ಹೇಳಿದರೆ ಏನಾಗುತ್ತದೆ ಎಂಬ ಪ್ರಯೋಗ. ಹಿಚ್‌ಕಾಕ್ ಅವರ ‘ರೆಬೆಕಾ’ (1940) ಚಿತ್ರದಲ್ಲಿ, ಹೆಸರಿಗೆ ಕಾರಣಳಾದ ಹೆಣ್ಣು ಕಥೆ ಆರಂಭವಾಗುವ ಮೊದಲೇ ಸತ್ತಿರುತ್ತಾಳೆ, ಒಮ್ಮೆಯೂ ತೆರೆಯ ಮೇಲೆ ಬರುವುದಿಲ್ಲ, ಆದರೂ ಮನೆಯ ಮೂಲೆಮೂಲೆಯಲ್ಲಿ ಆಕೆಯ ಇರವು ಕಾಡುತ್ತದೆ. ‘ಬೆಳದಿಂಗಳ ಬಾಲೆ’ ಇದಕ್ಕೆ ವಿರುದ್ಧ ದಿಕ್ಕಿನದು: ಇಲ್ಲಿ ಕಾಣದವಳು ಬದುಕಿದ್ದಾಳೆ, ನಗುತ್ತಾಳೆ, ಕೀಟಲೆ ಮಾಡುತ್ತಾಳೆ, ಮತ್ತು ಆಕೆಯನ್ನು ಕಾಣಬೇಕೆಂಬ ನಾಯಕನ ಹಂಬಲ ನೋಡುವವರ ಹಂಬಲವೂ ಆಗುತ್ತದೆ. ಧ್ವನಿಯೊಂದರಿಂದಲೇ ಇಡೀ ವ್ಯಕ್ತಿಯನ್ನು ಕಟ್ಟಿಕೊಳ್ಳುವುದು ಬಾನುಲಿಯ ಕೇಳುಗರಿಗೆ ಹೊಸದಲ್ಲ. 1950ರಿಂದ ಧಾರವಾಡ ಆಕಾಶವಾಣಿಯನ್ನು ಆಲಿಸುತ್ತ ಬಂದ ಮಲಪ್ರಭೆಯ ಸೀಮೆಯ ಮನೆಗಳಲ್ಲಿ ಬಾನುಲಿ ನಾಟಕದ ಪಾತ್ರಗಳಿಗೆ ಕೇಳುವವರು ತಮ್ಮದೇ ಮುಖಗಳನ್ನು ಕೊಟ್ಟುಕೊಳ್ಳುತ್ತಿದ್ದರು. ಕಣ್ಣಿಗೆಂದೇ ಇರುವ ಮಾಧ್ಯಮದಲ್ಲಿ ಕಿವಿಯ ಆ ಶಕ್ತಿಯನ್ನು ಬಳಸಿಕೊಂಡದ್ದು ದೇಸಾಯಿಯವರ ಹೆಚ್ಚುಗಾರಿಕೆ.

ಈ ಚಿತ್ರಗಳಿಗೆಲ್ಲ ಹೊಂದುವ ಇನ್ನೂ ಕೆಲವು ಲಕ್ಷಣಗಳನ್ನು ಚುಟುಕಾಗಿ ಗುರುತಿಸಬಹುದು. ಶೀರ್ಷಿಕೆಗಳು ಚಿಕ್ಕವು, ಅವುಗಳಲ್ಲಿ ಹೆಚ್ಚಿನವು ಒಂದೇ ಪದದವು, ಅರ್ಕಾವೊತ್ತು ಇರುವಂಥವು; ‘ತರ್ಕ’ದಿಂದ ‘ಮರ್ಮ’ದವರೆಗೆ, 2019ರ ‘ಉದ್ಘರ್ಷ’ದವರೆಗೆ ಇದು ಅವರ ಅಂಕಿತವೇ ಆಗಿಬಿಟ್ಟಿತು. ಗುಣಸಿಂಗ್, ದೇವರಾಜ್, ವನಿತಾ ವಾಸು, ಅನಂತನಾಗ್, ರಮೇಶ್ ಭಟ್ ಹೀಗೆ ಒಂದೇ ಬಳಗದವರು ಮತ್ತೆ ಮತ್ತೆ ಬರುವುದರಿಂದ ಚಿತ್ರದಿಂದ ಚಿತ್ರಕ್ಕೆ ಒಂದು ಹದ ಉಳಿಯಿತು. ಜನಪ್ರಿಯ ನಾಯಕನಟರನ್ನು ಬಳಸಿಕೊಂಡರೂ ಅವರ ಅಭಿಮಾನಿಗಳಿಗಾಗಿ ಹೊಡೆದಾಟವನ್ನೋ ಉದ್ದುದ್ದ ಸಂಭಾಷಣೆಯನ್ನೋ ತುರುಕದೆ, ಕಥೆಗೆ ಬೇಕಾದಷ್ಟೇ ಅವರಿಗೆ ಜಾಗ ಕೊಟ್ಟದ್ದು ಆ ಕಾಲದ ಕನ್ನಡ ಚಿತ್ರರಂಗದಲ್ಲಿ ಅಪರೂಪದ ಸಂಯಮ.

ಹಾಡನ್ನು ಬಿಟ್ಟದ್ದು ಹಾಡಿನ ಮೇಲಿನ ತಿರಸ್ಕಾರದಿಂದಲ್ಲ ಎಂಬುದಕ್ಕೆ 1996ರ ‘ನಮ್ಮೂರ ಮಂದಾರ ಹೂವೇ’ ಸಾಕ್ಷಿ. ಉತ್ತರ ಕನ್ನಡದ ಯಾಣದ ಕಾಡಿನ ಹಿನ್ನೆಲೆಯಲ್ಲಿ ಶಿವರಾಜ್‌ಕುಮಾರ್, ರಮೇಶ್ ಅರವಿಂದ್, ಪ್ರೇಮಾ ಅವರ ತ್ರಿಕೋನ ಪ್ರೇಮಕಥೆಯನ್ನು ಹೇಳಿದ ಆ ಚಿತ್ರ ಇಳಯರಾಜಾ ಅವರ ಹಾಡುಗಳಿಂದಲೇ ಮನೆಮಾತಾಯಿತು. ಕಥೆಗೆ ಬೇಕಾದಾಗ ಹಾಡು, ಬೇಡವಾದಾಗ ಇಲ್ಲ ಎಂಬ ಲೆಕ್ಕವೇ ಎರಡೂ ಕಡೆ ಕೆಲಸ ಮಾಡಿದೆ. ಮುಂದೆ 1999ರ ‘ಪ್ರತ್ಯರ್ಥ’ದಲ್ಲಿ ಅವರು ಮತ್ತೆ ಸಸ್ಪೆನ್ಸ್ ಕಡೆಗೆ ಮರಳಿದಾಗ, ‘ತರ್ಕ’ದ ತಮಿಳು ರೂಪದಲ್ಲಿ ಅಭಿನಯಿಸಿದ್ದ ರಘುವರನ್ ಅದರಲ್ಲಿ ಪಾತ್ರ ವಹಿಸಿದ್ದು ಗಮನಾರ್ಹ.

ಈ ಆರಂಭದ ಚಿತ್ರಗಳ ಮಿತಿಗಳನ್ನೂ ಹೇಳದಿದ್ದರೆ ವಿವೇಚನೆ ಪೂರ್ಣವಾಗದು. ‘ತರ್ಕ’ಕ್ಕೆ ಇಂಗ್ಲಿಷ್ ನಾಟಕ, ‘ನಿಷ್ಕರ್ಷ’ಕ್ಕೆ ಹಾಲಿವುಡ್ಡಿನ ಮಾದರಿ, ‘ಬೆಳದಿಂಗಳ ಬಾಲೆ’ಗೆ ತೆಲುಗು ಕಾದಂಬರಿ ಹೀಗೆ ಕಥೆಯ ಬೀಜ ಹಲವು ಸಲ ಹೊರಗಿನಿಂದ ಬಂದದ್ದು. ಬೈಲಹೊಂಗಲದ ಒಂದು ಕೊಲೆಯಿಂದ ಸಣ್ಣಾಟ ಹುಟ್ಟಿದಂತೆ, ಕನ್ನಡ ನೆಲದ ಅಪರಾಧ, ಜಾತಿ, ಭೂಮಿ, ಮನೆತನದ ವ್ಯಾಜ್ಯಗಳಿಂದ ಹುಟ್ಟಿದ ಕುತೂಹಲದ ಕಥೆಗಳು ಈ ಘಟ್ಟದ ಚಿತ್ರಗಳಲ್ಲಿ ಸಿಗುವುದಿಲ್ಲ. ಪಾತ್ರಗಳು ಹೆಚ್ಚಾಗಿ ನಗರದ, ಉಳ್ಳವರ ಬದುಕಿಗೆ ಸೇರಿದವರು. ಎರಡನೆಯ ಸಲ ನೋಡಿದಾಗ, ಅಂದರೆ ಗುಟ್ಟು ಗೊತ್ತಾದ ಮೇಲೆ ನೋಡಿದಾಗ, ಎಲ್ಲ ದೃಶ್ಯಗಳೂ ಒಂದೇ ಬಿಗಿಯಲ್ಲಿ ನಿಲ್ಲುತ್ತವೆ ಎಂದೂ ಹೇಳಲಾಗದು.

ಆದರೂ ಅವರು ಹೊರಗಿನಿಂದ ತಂದದ್ದು ಕಥೆಯ ಎಳೆಯನ್ನು. ಹೆಣೆಯುವ ಕ್ರಮ ಅವರದೇ. ‘ರಂಗಿತರಂಗ’ (2015), ‘ಯು ಟರ್ನ್’ (2016), ‘ಕವಲುದಾರಿ’ (2019) ಮೊದಲಾದ ಚಿತ್ರಗಳ ಮೂಲಕ ಹೊಸ ತಲೆಮಾರಿನ ನಿರ್ದೇಶಕರು ಸಸ್ಪೆನ್ಸ್ ಚಿತ್ರವನ್ನು ಕನ್ನಡದ ಗೌರವಾನ್ವಿತ ಪ್ರಕಾರವನ್ನಾಗಿ ಬೆಳೆಸಿದ್ದಾರೆ, ಮತ್ತು ಅವುಗಳಲ್ಲಿ ಕೆಲವು ಕರ್ನಾಟಕದ ನೆಲದ ಕಥೆಗಳನ್ನೇ ಎತ್ತಿಕೊಂಡಿವೆ. ಹಾಡು, ಹಾಸ್ಯ, ಹೊಡೆದಾಟಗಳ ಕಡ್ಡಾಯ ಪಾಲನ್ನು ಬಿಟ್ಟುಕೊಟ್ಟೂ ಊರಿನ ಟಾಕೀಸಿನಲ್ಲಿ ಜನರನ್ನು ಕೂರಿಸಬಹುದೆಂಬ ನಂಬಿಕೆ ಇಲ್ಲದೆ ಅವು ಹುಟ್ಟುತ್ತಿರಲಿಲ್ಲ. ಆ ನಂಬಿಕೆಯನ್ನು ಗಲ್ಲಾಪೆಟ್ಟಿಗೆಯ ಎದುರು ಪರೀಕ್ಷೆಗೊಡ್ಡಿ ಗೆದ್ದವರು ಸುನೀಲ್‌ಕುಮಾರ್ ದೇಸಾಯಿ. ಪ್ರೇಕ್ಷಕರಿಗೆ ಎಲ್ಲವನ್ನೂ ಬಡಿಸಬೇಕಾಗಿಲ್ಲ, ಸರಿಯಾದ ಒಂದನ್ನು ತಡೆಹಿಡಿದರೆ ಉಳಿದುದನ್ನು ಅವರೇ ಕಟ್ಟಿಕೊಳ್ಳಬಲ್ಲರು ಎಂದು ಕನ್ನಡ ಪ್ರೇಕ್ಷಕರ ಬುದ್ಧಿಯ ಮೇಲೆ ಅವರು ಇಟ್ಟ ಆ ಭರವಸೆಯೇ ಅವರ ಶೈಲಿಯ ತಿರುಳು.